ಇಮಾನದ ಬಯಲು ಮತ್ತು ನನ್ನ ಹೊಟ್ಟೆಕಿಚ್ಚು

ಬೇಸಿಗೆ ಬಂತೆಂದರೆ ನಮ್ಮ ಕುರ್ಲಾ ಬಿಲ್ಡಿಂಗಿನ ಟೆರೇಸಿನ ಮೇಲೆ ಮೆಣಸಿನಕಾಯಿ ಹರವಿ ಕಾಯುತ್ತ ಕೂರುವುದು ನನ್ನ ಕೆಲಸ. ಕಾಗೆ ಮೆಣಸಿನಕಾಯಿ ತಿನ್ನುವುದಿಲ್ಲ, ನಮ್ಮ ಬಿಲ್ಡಿಂಗಿನವರು ಕದಿಯುವಷ್ಟು ಖಾರದವರಲ್ಲ. ಆದರೂ ಕಾಯುತ್ತೇನೆ. ಕೆಳಗಿನ ಕೆಲಸ ತಪ್ಪಿಸಿಕೊಳ್ಳಲು ಅತ್ತೆ ಹೂಡಿದ ಉಪಾಯ ಇದು ಎಂದು ನನ್ನ ಸೊಸೆಯ ಅಭಿಪ್ರಾಯ. ಸೊಸೆ ಬುದ್ಧಿವಂತೆ.

ಸಾಂತಾಕ್ರೂಜ್ ಕಡೆ ಇಳಿಯುವ ವಿಮಾನಗಳು ನಮ್ಮ ತಲೆಯ ಮೇಲೆಯೇ ಹಾದುಹೋಗುತ್ತವೆ. ಅಷ್ಟು ಹೊತ್ತಿಗೆ ಅವು ಚಕ್ರ ಇಳಿಬಿಟ್ಟುಕೊಂಡು, ಹೊಟ್ಟೆಯ ಮೇಲಿನ ಅಕ್ಷರ ಓದಲು ಬರುವಷ್ಟು ಕೆಳಗೆ ಬಂದಿರುತ್ತವೆ. ಆ ಸದ್ದು ಬಂದಾಗ ಮಾತು ನಿಲ್ಲಿಸುವುದು, ಹೋದ ಮೇಲೆ ನಿಲ್ಲಿಸಿದ ಪದದಿಂದಲೇ ಮುಂದುವರಿಸುವುದು ನಮ್ಮ ಕಡೆಯವರಿಗೆ ರೂಢಿಯಾಗಿಬಿಟ್ಟಿದೆ. ಜಗಳಗಳಲ್ಲೂ ಅಷ್ಟೇ. ಬೈಯುತ್ತಿದ್ದವರು ಬಾಯಿ ತೆರೆದುಕೊಂಡೇ ನಿಲ್ಲುತ್ತಾರೆ, ಬೈಸಿಕೊಳ್ಳುವವರು ಮರ್ಯಾದೆಯಿಂದ ಕಾಯುತ್ತಾರೆ.

ಯಾರೂ ತಲೆ ಎತ್ತಿ ನೋಡುವುದಿಲ್ಲ. ನಾನೊಬ್ಬಳೇ ನೋಡುವವಳು. ವಿಮಾನದ ನೆರಳು ನೀರಿನ ಟಾಕಿ ದಾಟಿ, ನನ್ನ ಮೆಣಸಿನಕಾಯಿಗಳ ಮೇಲೆ ಸರ್ರನೆ ಓಡಿ, ಆಚೆ ಬಿಲ್ಡಿಂಗಿನ ಗೋಡೆ ಹತ್ತಿ ಮಾಯವಾಗುತ್ತದೆ. ಪ್ರತಿ ಸಲವೂ ನನ್ನ ಹೊಟ್ಟೆಯೊಳಗೆ ಚುರ್ ಅನ್ನುತ್ತದೆ. ಒಳಗೆ ಕಿಟಕಿಯ ಪಕ್ಕ ಯಾರೋ ಕೂತಿದ್ದಾರೆ, ಮತ್ತು ಅದು ನಾನಲ್ಲ ಎಂಬ ಸಂಕಟ ಅದು. ಹೊಟ್ಟೆಕಿಚ್ಚು ಕೆಟ್ಟದ್ದು ಎಂದು ಮುಂಬಯಿಯ ಕನ್ನಡ ಶಾಲೆಯಲ್ಲಿ ಟೀಚರಾಗಿ ಎಷ್ಟೋ ವರ್ಷ ಮಕ್ಕಳಿಗೆ ಹೇಳಿಕೊಟ್ಟಿದ್ದೇನೆ. ಹೇಳಿಕೊಡುವುದು ನೌಕರಿ, ಪಡುವುದು ಸ್ವಭಾವ. ಎರಡನ್ನೂ ನಾನು ನಿಷ್ಠೆಯಿಂದ ನಡೆಸಿಕೊಂಡು ಬಂದಿದ್ದೇನೆ.

ಎದುರು ಮನೆಯ ಶೆಟ್ಟರು ಹೋಟೆಲನ್ನು ಮಗನಿಗೆ ಒಪ್ಪಿಸಿದ ಮೇಲೆ ಸಂಜೆ ಟೆರೇಸಿಗೆ ಬಂದು ನಡೆದಾಡುತ್ತಾರೆ. ತಿಂಗಳಿಗೊಮ್ಮೆ ಮಂಗಳೂರಿಗೆ ಹಾರುವವರು.

“ಈಗ ಊರಿಗೆ ಹೋಗುದಂದ್ರೆ ಎಂತದು ಟೀಚರ್ರೇ? ಇಲ್ಲಿ ಚಾ ಕುಡ್ದು ಹತ್ತಿದ್ರೆ ಊಟದ ಹೊತ್ತಿಗೆ ಮನೆ” ಎಂದರು ಮೊನ್ನೆ.

“ಕಿಟಕಿ ಸೀಟು ಸಿಕ್ಕಿತ್ತಾ?” ಎಂದು ಕೇಳಿದೆ. ವಿಮಾನದ ಬಗ್ಗೆ ನಾನು ಯಾರಿಗಾದರೂ ಕೇಳುವ ಮೊದಲ ಪ್ರಶ್ನೆ ಅದು, ಕೊನೆಯದೂ ಅದೇ.

“ಸಿಗ್ತದೆ, ಸಿಗ್ತದೆ. ನಂಗೆ ಕೂತ ಕೂಡ್ಲೆ ನಿದ್ದೆ ಮಾರಾಯ್ರೆ.”

ಆ ದಿನ ಶೆಟ್ಟರ ಜೊತೆ ಮತ್ತೆ ಮಾತಾಡಲು ನನಗೆ ಮನಸ್ಸಾಗಲಿಲ್ಲ.

ನಾನು ವಿಮಾನ ಹತ್ತಿಯೇ ಇಲ್ಲ ಎಂದುಕೊಳ್ಳಬೇಡಿ. ಮಗ ಒಮ್ಮೆ ದಿಲ್ಲಿಗೆ ಕರೆದುಕೊಂಡು ಹೋಗಿದ್ದ. ನನಗೆ ಸಿಕ್ಕಿದ್ದು ನಡುವಿನ ಸೀಟು. ಕಿಟಕಿಯ ಬಳಿ ಕೂತಿದ್ದ ಪುಣ್ಯಾತ್ಮ ಕೂತವನೇ ಕಿಟಕಿಯ ಮುಚ್ಚಳ ಎಳೆದು, ಕಣ್ಣಿಗೆ ಕರಿ ಪಟ್ಟಿ ಕಟ್ಟಿಕೊಂಡು ಮಲಗಿಬಿಟ್ಟ. ಮುಂಬಯಿಯಿಂದ ದಿಲ್ಲಿಯವರೆಗೆ ನಾನು ನೋಡಿದ್ದು ಅವನ ಕಿವಿ. ಇಳಿದ ಮೇಲೆ ಮಗ, “ಹೆಂಗಿತ್ತವ್ವಾ ಫಸ್ಟ್ ಫ್ಲೈಟ್?” ಎಂದ. ಲೋಕಲ್ ಟ್ರೇನಿನಲ್ಲಿ ಬಾಗಿಲು ಹಾಕಿಕೊಂಡು ಹೋದ ಹಾಗಿತ್ತು ಎಂದೆ. ಪಾಪ, ಅವನಿಗೆ ಬೇಜಾರಾಯಿತು. ಮೊದಲ ವಿಮಾನ ಎಂದರೆ ಏನಾಗಬೇಕಿತ್ತು ಎಂಬುದು ಅವನಿಗೆ ಗೊತ್ತಿರಲಿಲ್ಲ. ಅದು ಗೊತ್ತಾಗಬೇಕಾದರೆ ನಮ್ಮೂರಿನ ಇಮಾನದ ಬಯಲಿಗೆ ಹೋಗಬೇಕು.

ನಮ್ಮೂರು ಗದಗಿನ ಕಡೆಯ ಎರೆಹೊಲದ ಊರು. ಕಣ್ಣು ಹಾಯುವಷ್ಟು ದೂರ ಹತ್ತಿ. ನಾನು ಸಣ್ಣವಳಿದ್ದಾಗ ಹತ್ತಿಗೆ ಹುಳ ಬಿದ್ದು, ಮೇಲಿನಿಂದ ಔಷಧ ಹೊಡೆಯಲು ವಿಮಾನ ತರಿಸಿದರು. ಅದು ಇಳಿಯಲೆಂದು ಊರ ಹೊರಗಿನ ಬಯಲಿನಲ್ಲಿ ಮಣ್ಣು ಬಡಿದು, ಗರಸು ಹಾಕಿ, ಸುಣ್ಣದ ಗೆರೆ ಎಳೆದರು. ಅಷ್ಟೇ ನಮ್ಮ ವಿಮಾನ ನಿಲ್ದಾಣ. ಒಂದು ತಗಡಿನ ಶೆಡ್ಡು, ಔಷಧದ ಪೀಪಾಯಿಗಳು, ಗೂಟಕ್ಕೆ ಕಟ್ಟಿದ ಒಂದು ವಿಮಾನ. ಹೌದು, ಕಟ್ಟಿಹಾಕುತ್ತಿದ್ದರು. ಗಾಳಿಗೆ ಮಗುಚಬಾರದೆಂದು ರೆಕ್ಕೆಗಳಿಗೆ ಹಗ್ಗ ಹಾಕಿ ಬಿಗಿಯುತ್ತಿದ್ದರು. ಅದರ ಪಕ್ಕದಲ್ಲೇ ನಮ್ಮ ಎಮ್ಮೆಯನ್ನೂ ಕಟ್ಟಿರುತ್ತಿದ್ದರಿಂದ ನನಗೆ ಅದರಲ್ಲಿ ವಿಶೇಷವೇನೂ ಕಾಣುತ್ತಿರಲಿಲ್ಲ.

ಎಮ್ಮೆ ಅಲ್ಲಿರಲು ಕಾರಣ, ನಮ್ಮಪ್ಪ ಆ ಬಯಲಿನ ಕಾವಲುಗಾರ. ಕಾವಲೆಂದರೆ ಕಳ್ಳರಿಂದಲ್ಲ, ಶೇಂಗಾದಿಂದ. ಅಂಥ ಗಟ್ಟಿಯಾದ, ಸಪಾಟಾದ ನೆಲ ಸುತ್ತ ಹಳ್ಳಿಗಳಲ್ಲಿ ಇನ್ನೊಂದಿರಲಿಲ್ಲ. ವಿಮಾನ ಅತ್ತ ಹಾರುವುದೇ ತಡ, ಊರ ಹೆಂಗಸರು ಇತ್ತ ಬುಟ್ಟಿ ತಂದು ಶೇಂಗಾ ಸುರಿದು ಒಣಹಾಕುತ್ತಿದ್ದರು. ವಿಮಾನದ ಸದ್ದು ಕೇಳಿದ ಕೂಡಲೇ ಅಪ್ಪ, “ಬಂತ, ಬಂತ, ಬಳೀರಿ” ಎಂದು ಕೂಗುತ್ತ ಓಡಬೇಕು. ಹೆಂಗಸರು ಬೈದುಕೊಳ್ಳುತ್ತ ಕಸಬರಿಗೆ ಹಿಡಿಯಬೇಕು. ಗಾಳಿ ಯಾವ ಕಡೆಗಿದೆ ಎಂದು ಪೈಲಟ್ ಸಾಹೇಬನಿಗೆ ತಿಳಿಯಲೆಂದು ಅಪ್ಪ ಬಯಲಿನ ಮೂಲೆಯಲ್ಲಿ ಕುಳ್ಳಿನ ಬೆಂಕಿಗೆ ಹಸಿ ಹುಲ್ಲು ಹಾಕಿ ಹೊಗೆ ಎಬ್ಬಿಸುತ್ತಿದ್ದ. ಕುಳ್ಳು ತಟ್ಟುವವಳು ಅವ್ವ, ಹೊತ್ತು ತರುವವಳು ನಾನು. ನಮ್ಮ ಎಮ್ಮೆಯ ಸಗಣಿ ನೋಡಿಕೊಂಡೇ ಆ ವಿಮಾನ ಇಳಿಯುತ್ತಿತ್ತು ಎಂದು ಮುಂಬಯಿಯಲ್ಲಿ ಯಾರಿಗೆ ಹೇಳಿದರೂ ನಂಬುವುದಿಲ್ಲ.

ಈಗ ಗಂಗವ್ವನ ವಿಷಯ. ಅವಳು ನನ್ನ ತಂಗಿ, ನನಗಿಂತ ಎರಡು ವರ್ಷಕ್ಕೆ ಸಣ್ಣವಳು. ಕುಳ್ಳು ಹೊರುವ ಕೆಲಸಕ್ಕೆ ಅವಳ ಕುತ್ತಿಗೆ ಸಣ್ಣದೆಂದು ಅವ್ವ ಅವಳಿಗೆ ರಜೆ ಕೊಟ್ಟಿದ್ದಳು. ಹೊಟ್ಟೆಕಿಚ್ಚಿನ ಪಾಯ ಅಲ್ಲಿಯೇ ಬಿತ್ತೆಂದು ಕಾಣುತ್ತದೆ.

ಹಂಗಾಮು ಮುಗಿಯುವ ದಿನ ಪೈಲಟ್ ಸಾಹೇಬ ಅಪ್ಪನನ್ನು ಕರೆದು, ಹೊರಡುವ ಮುಂಚೆ ನಿನ್ನ ಮಕ್ಕಳಲ್ಲಿ ಒಬ್ಬರನ್ನು ಒಂದು ಸುತ್ತು ಹಾರಿಸಿ ತರುತ್ತೇನೆ ಎಂದ. ಹಿಂದೆ ಇದ್ದದ್ದು ಒಂದೇ ಸೀಟು. ಅಪ್ಪ ಎರಡನೇ ಮಾತಿಲ್ಲದೆ ನನ್ನ ಹೆಸರು ಹೇಳಿದ. ಹಿರಿಯವಳು, ಕುಳ್ಳು ಹೊತ್ತವಳು. ನ್ಯಾಯವಾಗಿಯೇ ಅದು ನನ್ನದು. ನಾನು ಮನೆಗೆ ಓಡಿಬಂದು ಅವ್ವನಿಗೆ ಹೇಳಿದೆ. ಬಟ್ಟೆ ಬದಲಿಸಿ ಬರುವುದಷ್ಟೇ ನನ್ನ ಯೋಚನೆಯಾಗಿತ್ತು. ಹಾಗೇ ಹೋಗಿಬಿಡಬೇಕಿತ್ತು ನೋಡಿ.

ಅವ್ವ ಒಲೆಯ ಮುಂದಿನಿಂದ ಎದ್ದು ನಿಂತಳು. “ಮುಗಲಿಗೆ ಹೊಂಟೀಯಾ? ಬರೇ ಉಡೀಲೆ ಹೆಂಗ ಕಳಸಲಿ ನಿನ್ನ?”

ನಮ್ಮ ಕಡೆ ಹೆಣ್ಣುಮಕ್ಕಳು ದೂರ ಹೊರಟರೆ ಉಡಿ ತುಂಬಿ ಕಳಿಸುತ್ತಾರೆ. ಸೆರಗಿನಲ್ಲಿ ಅಕ್ಕಿ, ತೆಂಗಿನಕಾಯಿ, ಉತ್ತತ್ತಿ, ಅರಿಶಿನದ ಬೇರು, ಎಲೆ ಅಡಿಕೆ ಹಾಕಿ ಒಳ್ಳೆಯದಾಗಲಿ ಎಂದು ಹರಸುತ್ತಾರೆ. ಪಕ್ಕದೂರಿಗೆ ಹೋಗುವಾಗಲೇ ಇಷ್ಟು. ಮಗಳು ಮುಗಿಲಿಗೆ ಹೊರಟಾಗ ಬಿಟ್ಟಾರೆಯೇ? ನನಗಿನ್ನೂ ಪರಕಾರ, ಅಂದರೆ ಲಂಗ ತೊಡುವ ವಯಸ್ಸು, ಸೆರಗೆಲ್ಲಿ ಬರಬೇಕು? ಅವ್ವ ತನ್ನ ಇಳಕಲ್ ಸೀರೆಯನ್ನೇ ಎರಡು ಮಡಿಕೆ ಮಾಡಿ ನನಗೆ ಸುತ್ತಿದಳು. ಆಮೇಲೆ ಬಾಗಿಲಿಗೆ ಹೋಗಿ ಓಣಿಗೆಲ್ಲ ಕೇಳುವ ಹಾಗೆ ಕರೆದಳು. “ನಮ್ಮ ನೀಲವ್ವ ಇಮಾನದಾಗ ಹೊಂಟಾಳ, ಉಡಿ ತುಂಬ ಬರ್ರೆವಾ.”

ಬಂದರು. ಒಬ್ಬರಾದ ಮೇಲೆ ಒಬ್ಬರು ಬಂದರು. ಅವ್ವನ ಜೊತೆ ಮಾತು ಬಿಟ್ಟಿದ್ದವರೂ ಬಂದರು. ಒಬ್ಬೊಬ್ಬರದೂ ಒಂದು ತೆಂಗಿನಕಾಯಿ, ಬೊಗಸೆ ಅಕ್ಕಿ, ಹಣೆಗೆ ಕುಂಕುಮ. ಯಾರೋ ಮುದುಕಿ, ಮೇಲೆ ನನ್ನ ಗಂಡ ಸಿಕ್ಕರೆ ಚಲೋ ಇದ್ದೇನೆಂದು ಹೇಳು ಎಂದು ನನ್ನ ಗಲ್ಲ ಹಿಡಿದಳು. ನಾನು ಮಣೆಯ ಮೇಲೆ ನಿಂತು, ಭಾರವಾಗುತ್ತಿದ್ದ ಸೆರಗನ್ನು ಎರಡೂ ಕೈಯಿಂದ ಹಿಡಿದುಕೊಂಡು ಹಿಗ್ಗುತ್ತಿದ್ದೆ. ಸುಳ್ಳೇಕೆ ಹೇಳಲಿ, ಆ ಗಳಿಗೆಯಲ್ಲಿ ನನಗೆ ವಿಮಾನಕ್ಕಿಂತ ಆ ಸಾಲೇ ಹೆಚ್ಚು ಇಷ್ಟವಾಗಿತ್ತು.

ಅತ್ತ ಬಯಲಿನಲ್ಲಿ ಪಡುವಣ ದಿಕ್ಕಿಗೆ ಮೋಡ ಏಳುತ್ತಿತ್ತು. ಸಾಹೇಬ ಹೊರಡುವ ಅವಸರದಲ್ಲಿದ್ದ. ಅಪ್ಪ, ಈಗ ಬರುತ್ತಾಳೆ, ಈಗ ಬರುತ್ತಾಳೆ ಎಂದು ಊರ ಕಡೆಗೇ ನೋಡುತ್ತಿದ್ದ. ಅಲ್ಲಿ ಎಮ್ಮೆಯ ನೆರಳಿನಲ್ಲಿ, ಮೈಮೇಲೆ ಒಂದು ಹರಕು ಅಂಗಿ ಹಾಕಿಕೊಂಡು, ಮೂಗು ಸುರಿಸುತ್ತ ಗಂಗಿ ನಿಂತಿದ್ದಳು. ಸಾಹೇಬ ಮುಗಿಲು ನೋಡಿದ, ಗಂಗಿಯನ್ನು ನೋಡಿದ. “ಚಲೋ, ಜೋ ಹೈ ಉಸೀ ಕೋ ಬಿಠಾ ದೋ” ಎಂದ. ಇದ್ದವಳೇ ಸಾಕೆಂದು ಅವಳನ್ನೇ ಎತ್ತಿ ಹಿಂದಿನ ಸೀಟಿನಲ್ಲಿ ಕೂರಿಸಿಯೇಬಿಟ್ಟ. ಇದನ್ನೆಲ್ಲ ಆಮೇಲೆ ಅಪ್ಪ ಹೇಳಿದ್ದು.

ನಾನು ಬಯಲಿನ ಅಂಚಿಗೆ ಬರುವಾಗ ಇಂಜಿನ್ನಿನ ಸದ್ದು ಶುರುವಾಗಿತ್ತು. ಓಡಬೇಕು, ಓಡಲಾರೆ. ಕಾಲಿಗೆ ಸೀರೆ ತೊಡರುತ್ತದೆ, ಸೆರಗಿನ ತುಂಬ ತೆಂಗಿನಕಾಯಿ. ತುಂಬಿದ ಉಡಿ ನೆಲಕ್ಕೆ ಚೆಲ್ಲಬಾರದು. ಹಿಂದಿನಿಂದ ಅವ್ವ, “ಉಡಿ ಜ್ವಾಕಿ, ನೀಲಾ, ಉಡಿ ಜ್ವಾಕಿ” ಎನ್ನುತ್ತಲೇ ಇದ್ದಳು. ಎದುರಿಗೇ ವಿಮಾನ ಓಡಿತು, ಎದ್ದಿತು, ನಮ್ಮ ಹೊಗೆಯನ್ನು ಸೀಳಿಕೊಂಡು ಮೇಲಕ್ಕೆ ಹೋಯಿತು. ನಾನು ಕುಂಕುಮ ಮೆತ್ತಿದ ಹಣೆ ಎತ್ತಿ, ಉಡಿ ಹಿಡಿದುಕೊಂಡು ನೋಡುತ್ತ ನಿಂತೆ. ಕಣ್ಣು ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

ಒಂದು ಸುತ್ತು ಹಾರಿ ಇಳಿದವಳು ಮೊದಲಿನ ಗಂಗಿಯಾಗಿರಲಿಲ್ಲ. ಅವಳು ಊರಿನ ಮಾಳಿಗೆಗಳನ್ನೆಲ್ಲ ಮೇಲಿನಿಂದ ನೋಡಿಬಂದಿದ್ದಳು. ಯಾರ ಮಾಳಿಗೆಯ ಮೇಲೆ ಕೌದಿ ಒಣಗಿತ್ತು, ಯಾರ ಹಿತ್ತಿಲಲ್ಲಿ ಯಾರು ಬೀಡಿ ಸೇದುತ್ತಿದ್ದರು, ಕೆರೆಯ ನೀರು ಹೇಗೆ ತಟ್ಟೆಯಲ್ಲಿ ಇಟ್ಟ ಹಾಗೆ ಅಲುಗಾಡದೆ ಇತ್ತು, ಹತ್ತಿಯ ಸಾಲುಗಳು ಹೇಗೆ ಬಾಚಿದ ತಲೆಯ ಹಾಗೆ ಕಂಡವು, ಎಲ್ಲ ಹೇಳುತ್ತಿದ್ದಳು. ಜನ ಬಂದು ಬಂದು ಕೇಳುತ್ತಿದ್ದರು. ಕರು ಕಳೆದುಕೊಂಡವನೊಬ್ಬ, ಮೇಲಿನಿಂದ ಎಲ್ಲಾದರೂ ಕಂಡಿತೇನವ್ವ ಎಂದು ಕೇಳಲು ಬಂದ. ಅವಳು ಸುಮ್ಮನೆ ಹಳ್ಳದ ಕಡೆಗೆ ಕೈ ತೋರಿಸಿದಳು. ಕರು ಅಲ್ಲಿಯೇ ಸಿಗಬೇಕೇ? ದೇವರು ಕೂಡ ಅವಳ ಪಕ್ಷ ವಹಿಸಿದ್ದನ್ನು ನೋಡಿ ನನಗೆ ಮೈ ಉರಿದುಹೋಯಿತು.

ನನ್ನ ಉಡಿಯ ಕಾಯಿಗಳನ್ನು ಒಡೆದು ಅವ್ವ ಹೋಳಿಗೆ ಮಾಡಿದಳು. ಗಂಗಿ ಅದರಲ್ಲೂ ಪಾಲು ತಿಂದಳು.

ಇದು ಅಲ್ಲಿಗೆ ಮುಗಿಯಲಿಲ್ಲ. ನನ್ನನ್ನು ನೋಡಲು ಮುಂಬಯಿಯ ವರನ ಕಡೆಯವರು ಬಂದಾಗ ನಾನು ಅವಲಕ್ಕಿಯ ತಟ್ಟೆ ಹಿಡಿದು ತಲೆ ತಗ್ಗಿಸಿ ನಿಂತಿದ್ದೆ. ಅವರ ಹಿರಿಯರು ಕೇಳಿದ ಮೊದಲ ಮಾತು, “ಇಮಾನದಾಗ ಹೋಗಿ ಬಂದಾಕಿ ಇವಳ ಏನ್ರಿ?” ಅಲ್ಲ ಎಂದು ಅಪ್ಪ ಹೇಳಿದ. ಹಾಗಾದರೆ ಅವಳನ್ನೇ ಕರೆಯಿರಿ, ಕೇಳೋಣ ಎಂದರು. ಗಂಗಿ ಬಂದು ಕಂಬಕ್ಕೆ ಒರಗಿ ಕೂತು ಇಡೀ ಕತೆ ಹೇಳಿದಳು. ನನ್ನ ವರನೂ ಬಾಯಿ ತೆರೆದು ಕೇಳಿದ. ಅವಲಕ್ಕಿ ಆರಿತು. ನನ್ನನ್ನು ಒಪ್ಪಿದರು, ಆದರೆ ಸರಿಯಾಗಿ ನೋಡಿ ಒಪ್ಪಿದರೆಂದು ನನಗೆ ಇವತ್ತಿಗೂ ಅನಿಸುವುದಿಲ್ಲ. ಮದುವೆಯಾಗಿ ಬಂದರೆ ಕುರ್ಲಾ! ತಲೆಯ ಮೇಲೆ ದಿನವಿಡೀ ವಿಮಾನ! ನನ್ನ ಹಣೆಬರಹ ಬರೆದವನಿಗೆ ತಮಾಷೆಯ ಸ್ವಭಾವ ಸ್ವಲ್ಪ ಹೆಚ್ಚೇ ಇದ್ದಿರಬೇಕು.

ವರ್ಷಕ್ಕೊಮ್ಮೆ ತವರಿಗೆ ಹೋದಾಗ ಅಕ್ಕತಂಗಿಯರು ಮಾಳಿಗೆಯ ಮೇಲೆ ಕೂತು ಮಾತಾಡುತ್ತಿದ್ದೆವು. ಬೇಡ ಬೇಡ ಎಂದುಕೊಂಡೇ ನಾನು ಕೇಳುತ್ತಿದ್ದೆ, “ಮ್ಯಾಲಿಂದ ನಮ್ಮನಿ ಹೆಂಗ ಕಾಣ್ತಿತ್ತು, ಇನ್ನೊಮ್ಮೆ ಹೇಳ.” ಅವಳು ಹೇಳುತ್ತಿದ್ದಳು. ಕೇಳಿ ಕೇಳಿ ನನಗೆ ಎಲ್ಲ ಬಾಯಿಪಾಠವಾಗಿತ್ತು. ಅವಳು ಕೆರೆಯನ್ನು ಬಿಟ್ಟರೆ ನಾನೇ ನೆನಪಿಸುತ್ತಿದ್ದೆ. ನನಗೆ ಅವಳ ಸೀರೆ ಬೇಕಿರಲಿಲ್ಲ, ಒಡವೆ ಬೇಕಿರಲಿಲ್ಲ. ಆ ಒಂದು ಸುತ್ತು ಬೇಕಿತ್ತು. ಬಯಲು ಈಗ ಇಲ್ಲ. ವಿಮಾನ ಬರುವುದು ನಿಂತಿತು, ನೆಲವನ್ನು ಉತ್ತು ಸೂರ್ಯಕಾಂತಿ ಹಾಕಿದರು. ಆದ್ದರಿಂದ ನನಗೆ ಸಿಗಬೇಕಾಗಿದ್ದದ್ದು ಇನ್ನು ಯಾರೂ ಕೊಡಲಾಗದ ವಸ್ತುವಾಯಿತು.

ಈ ಬೇಸಿಗೆಯಲ್ಲಿ ಗಂಗವ್ವ ನಮ್ಮ ಮನೆಗೆ ಬಂದಿದ್ದಾಳೆ. ಅವಳಿಗೆ ಮರೆವು ಶುರುವಾಗಿದೆ. ಅವಳ ಮಗ ಇಲ್ಲಿ ಡಾಕ್ಟರಿಗೆ ತೋರಿಸಲೆಂದು ರೈಲಿನಲ್ಲಿ ಕರೆತಂದು, ನಮ್ಮಲ್ಲಿ ಬಿಟ್ಟು ಹೋದ. ಕುಡಿದ ಚಹಾ ನೆನಪಿರುವುದಿಲ್ಲ, ಮತ್ತೆ ಕೇಳುತ್ತಾಳೆ. ನನ್ನ ಗಂಡ ತೀರಿಕೊಂಡದ್ದು ಮರೆತು, “ಮಾವಾರು ಇನ್ನೂ ಬರಲಿಲ್ಲ” ಎಂದು ಬಾಗಿಲು ನೋಡುತ್ತಾಳೆ. ಮೊದಲ ದಿನ ನಿಜ ಹೇಳಿದೆ, ಅವಳು ಹೊಸದಾಗಿ ಅತ್ತಳು. ಆಮೇಲಿನಿಂದ, ಡ್ಯೂಟಿಗೆ ಹೋಗಿದ್ದಾರೆ ಎನ್ನುತ್ತೇನೆ. ಮೆಣಸಿನಕಾಯಿ ಕಾಯುವ ಕೆಲಸಕ್ಕೆ ಅವಳನ್ನೂ ಟೆರೇಸಿಗೆ ಕರೆದುಕೊಂಡು ಹೋಗುತ್ತೇನೆ. ನನ್ನ ಕಾವಲಿಗೆ ಈಗ ಅಸಿಸ್ಟೆಂಟ್ ಸಿಕ್ಕಿದ್ದಾಳೆಂದು ಸೊಸೆ ನಗುತ್ತಾಳೆ.

ಮೊದಲ ಸಂಜೆಯೇ ದೊಡ್ಡ ವಿಮಾನವೊಂದು ತಲೆಯ ಮೇಲೆ ಬಂತು. ಗಂಗವ್ವ ಕಿವಿ ಮುಚ್ಚಿಕೊಂಡು, ಮುಖ ಎತ್ತಿ, ಅದು ಮರೆಯಾಗುವವರೆಗೆ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

“ಅಕ್ಕಾ, ನೀ ಕುಂತದ್ದು ಇಷ್ಟ ದೊಡ್ಡದಿತ್ತೇನ?”

“ನಾ ಎಲ್ಲಿ ಕುಂತೀನಿ? ಕುಂತಾಕಿ ನೀನು” ಎಂದೆ.

“ಹೋಗ, ನೀನಽ ಹೋದಿ. ನನ್ನ ಬಿಟ್ಟು ಹೋದಿ. ನಾ ಅವ್ವನ ಸೀರಿ ಉಟ್ಕೊಂಡು, ಉಡಿ ಹಿಡಕೊಂಡು ಕೆಳಗ ನಿಂತಿದ್ನೆಲ್ಲ. ಕಾಯಿ ಭಾಳ ವಜ್ಜಿ ಇದ್ವು.”

ನನಗೆ ಮೊದಲು ಬಂದದ್ದು ಮರುಕವಲ್ಲ, ಸಿಟ್ಟು. ವಿಮಾನ ತೆಗೆದುಕೊಂಡಿದ್ದಾಯಿತು, ಹೋಳಿಗೆಯಲ್ಲಿ ಪಾಲು ತೆಗೆದುಕೊಂಡಿದ್ದಾಯಿತು. ಈಗ ನನ್ನ ಉಡಿಯನ್ನೂ, ಕೆಳಗೆ ನಿಂತ ನನ್ನ ದುಃಖವನ್ನೂ ತನ್ನದೆನ್ನುತ್ತಾಳಲ್ಲ! ಉಡಿ ನನ್ನದು ಎಂದು ವಾದಕ್ಕೆ ನಿಂತೆ. ಅವಳು ಒಪ್ಪಲಿಲ್ಲ. ಅವಳ ಕಣ್ಣು ತುಂಬಿದ್ದು ನೋಡಿ ವಾದ ಬಿಟ್ಟೆ. ಅವಳು ನಿಜವಾಗಿಯೂ ಅಲ್ಲಿ ನಿಂತಿದ್ದಳು.

“ಮ್ಯಾಲಿಂದ ನಮ್ಮನಿ ಹೆಂಗ ಕಾಣ್ತಿತ್ತು?” ಎಂದು ಕೇಳಿದಳು.

ಈ ಪ್ರಶ್ನೆಯನ್ನು ಜೀವನವಿಡೀ ನಾನು ಕೇಳಿದವಳು. ನನ್ನನ್ನು ಯಾರೂ ಕೇಳಿರಲಿಲ್ಲ. ಮೆಣಸಿನಕಾಯಿಯ ಪಕ್ಕ ಕಾಲು ನೀಡಿ ಕೂತು ಹೇಳತೊಡಗಿದೆ. ಕೌದಿ ಹೇಳಿದೆ, ಬೀಡಿ ಹೇಳಿದೆ, ತಟ್ಟೆಯಲ್ಲಿ ಇಟ್ಟ ಕೆರೆ ಹೇಳಿದೆ, ಬಾಚಿದ ತಲೆಯಂಥ ಹತ್ತಿಹೊಲ ಹೇಳಿದೆ. ಒಂದೂ ಬಿಡಲಿಲ್ಲ. ಅವಳಿಗಿಂತ ಚೆನ್ನಾಗಿ ಹೇಳಿದೆ ಎಂದು ಇಲ್ಲಿ ಯಾವ ಸಂಕೋಚವೂ ಇಲ್ಲದೆ ಬರೆಯುತ್ತಿದ್ದೇನೆ. ಹೇಳುತ್ತ ಹೇಳುತ್ತ ನಾನು ಹೋಗಿದ್ದೆನೆಂದೇ ನನಗೂ ಅನಿಸಿತು. ಆಮೇಲೆ ಅವಳ ಮುಖ ನೋಡಿದೆ. ತುಟಿ ಬಿಗಿಹಿಡಿದು ಮೆಣಸಿನಕಾಯಿಯ ತೊಟ್ಟು ಒಂದೊಂದಾಗಿ ಮುರಿದು ಹಾಕುತ್ತಿದ್ದಳು. ಆ ಮುಖವನ್ನು ನಾನು ಚೆನ್ನಾಗಿ ಬಲ್ಲೆ. ಕನ್ನಡಿಯಲ್ಲಿ ಎಷ್ಟು ವರ್ಷ ನೋಡಿಲ್ಲ ಅದನ್ನು!

“ನಿನ್ನ ಪುಣ್ಯಾ ಬಿಡ” ಎಂದಳು.

ಅಷ್ಟು ವರ್ಷ ನಾನು ಕಾದದ್ದು ಈ ಮಾತಿಗೇ ಇರಬೇಕು. ಬಂದಾಗ ಮಾತ್ರ ಅದನ್ನು ಇಟ್ಟುಕೊಂಡು ಏನು ಮಾಡಬೇಕೆಂದು ನನಗೆ ತಿಳಿಯಲಿಲ್ಲ.

ನಾಳೆ ಅವಳನ್ನು ಊರಿಗೆ ಬಿಟ್ಟುಬರಬೇಕು. ರೈಲಿನಲ್ಲಿ ರಾತ್ರಿ ಎದ್ದು ಓಡಾಡುತ್ತಾಳೆಂದು ನನ್ನ ಮಗ ಹುಬ್ಬಳ್ಳಿಗೆ ವಿಮಾನದ ಟಿಕೆಟು ಮಾಡಿಸಿದ. ನಾನೂ ಜೊತೆಗೆ. ಹೋದ ವಾರ ಮೊಬೈಲ್ ಹಿಡಿದುಕೊಂಡು ಅಡುಗೆಮನೆಗೆ ಬಂದ.

“ಅವ್ವಾ, ವಿಂಡೋ ಒಂದಽ ಖಾಲಿ ಅದ. ಬಾಜೂದು ಮಿಡಲ್. ವಿಂಡೋ ಕಿಸ್ಕಾ? ನಿಂದಾ, ಚಿಗವ್ವಂದಾ?”

ದಿಲ್ಲಿಯ ಆ ಕಿವಿ ಕಣ್ಣ ಮುಂದೆ ಬಂತು. ಈ ವಿಮಾನ ಹೋಗುವುದು ನಮ್ಮ ಸೀಮೆಯ ಮೇಲೆ. ಇಳಿಯುವಾಗ ಕೆಳಗೆ ಎರೆಹೊಲ ಕಾಣುತ್ತದೆ, ಹತ್ತಿ ಕಾಣದಿದ್ದರೂ ಮಣ್ಣಂತೂ ಕಾಣುತ್ತದೆ. ನನಗೂ ವಯಸ್ಸಾಗಿದೆ, ಇನ್ನೆಷ್ಟು ಸಲ ಹಾರುತ್ತೇನೆ? ಗಂಗವ್ವ ನೋಡಿದರೂ ಊರು ಮುಟ್ಟುವುದರೊಳಗೆ ಮರೆಯುತ್ತಾಳೆ. ನಾನು ನೋಡಿದರೆ ಸಾಯುವವರೆಗೆ ಇಟ್ಟುಕೊಳ್ಳುತ್ತೇನೆ. ಇಷ್ಟೆಲ್ಲ ಲೆಕ್ಕ ಹಾಕಿ, ನನಗೇ ಎಂದು ಹೇಳಲು ಬಾಯಿ ತೆರೆದೆ.

ಸೊಪ್ಪು ಸೋಸುತ್ತ ಕೂತಿದ್ದ ಗಂಗವ್ವ ತಲೆ ಎತ್ತಿದಳು. ಅವಳಿಗೆ ಏನು ತಿಳಿಯಿತೋ, ಎಷ್ಟು ತಿಳಿಯಿತೋ. ನನ್ನ ಸೆರಗಿನ ತುದಿ ಹಿಡಿದು, “ಅಕ್ಕಾ, ನೀ ಒಮ್ಮೆ ಹೋಗಿ ಬಂದಾಕಿ ಅದೀ. ಈ ಸಲ ನನಗ ಕುಂಡ್ರಗೊಡ” ಎಂದಳು.

“ಚಿಗವ್ವಂದು ಮಾಡು” ಎಂದೆ ಮಗನಿಗೆ.

ಅಂದಿನಿಂದ ಅವಳು ದಿನಕ್ಕೆ ಹತ್ತು ಸಲ, ಎಲ್ಲಿಗೆ ಹೊರಟಿದ್ದೇವೆ ಎಂದು ಕೇಳುತ್ತಾಳೆ. ವಿಮಾನದಲ್ಲಿ, ನಿನಗೆ ಕಿಟಕಿ ಎಂದು ಹೇಳುತ್ತೇನೆ. ಪ್ರತಿ ಸಲವೂ ಅವಳ ಮುಖ, ಈಗಷ್ಟೇ ಕೇಳಿದವಳ ಹಾಗೆ ಅರಳುತ್ತದೆ. ನನಗೆ ಸಿಗಬೇಕಾಗಿದ್ದ ಮೊದಲ ವಿಮಾನವನ್ನು ಒಮ್ಮೆ ಏರಿ, ಇಳಿದು, ಪೂರ್ತಿ ಮರೆತು, ಅದನ್ನೇ ಇನ್ನೊಮ್ಮೆ ಮೊದಲ ಸಲ ಏರಲು ಹೊರಟಿದ್ದಾಳೆ. ಪಕ್ಕದ ಸೀಟಿನಲ್ಲಿ ನಾನು ಅವಳ ಕೈ ಹಿಡಿದುಕೊಂಡು ಕೂರುತ್ತೇನೆ. ಹೊಟ್ಟೆ ಉರಿಯುತ್ತದೆ, ಉರಿಯಲಿ.